ಸಮುದ್ರದ ಗಾಳಿ, ನಮ್ಮ ರಾಗಿ ಮೆದೆ



ಬೆಳ್ಳಿ ಹಬ್ಬದ ದಿನ ಚಂಡಮಾರುತದ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ನುಗ್ಗೇಹಳ್ಳಿಗೂ ಸಮುದ್ರಕ್ಕೂ ಎಲ್ಲಿಯ ನಂಟು? ಆದರೆ ಬಂಗಾಳ ಕೊಲ್ಲಿಯಲ್ಲಿ ಗಾಳಿ ಎದ್ದರೆ ಇಲ್ಲಿ ಕೊಯ್ದು ಹಾಕಿದ ರಾಗಿ ನೆನೆಯುತ್ತದೆ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿತು; ಅದರ ಹಿಂದೆಯೇ ದಕ್ಷಿಣ ಒಳನಾಡಿಗೂ ಮಳೆ ಹಿಡಿಯಿತು. ಅದು ರಾಗಿ ಕೊಯ್ಲಿನ ಹೊತ್ತು. ತೆನೆ ನೆನೆದರೆ ಕಾಳು ಕಪ್ಪಾಗುತ್ತೆ, ಮೊಳಕೆ ಒಡೆಯುತ್ತೆ. ಹುಲ್ಲಿಗೆ ಬೂಷ್ಟು ಹಿಡಿದರೆ ದನವೂ ಮೂಸುವುದಿಲ್ಲ.

ಕರಾವಳಿಯವರು ಏನು ಮಾಡ್ತಾರೆ ನೋಡಿ. 2021ರ ಮೇ ತಿಂಗಳಲ್ಲಿ ಅರಬ್ಬೀ ಸಮುದ್ರದಲ್ಲಿ ತೌಕ್ತೆ ಎದ್ದಾಗ, ಕಡಲಿಗೆ ಇಳಿಯಬೇಡಿ, ಹೋದವರು ದಡಕ್ಕೆ ಬನ್ನಿ ಎಂದು ಮೀನುಗಾರರಿಗೆ ಮೊದಲೇ ಸೂಚನೆ ಹೋಯಿತು. ಚಂಡಮಾರುತ ನೆಲ ಮುಟ್ಟಿದ್ದು 17ರ ರಾತ್ರಿ ಗುಜರಾತಿನಲ್ಲಿ. ನಮ್ಮ ಕರಾವಳಿಯ ಪಕ್ಕ ಹಾದುಹೋಗಿದ್ದಕ್ಕೇ ಮನೆ, ತೆಂಗು, ರಸ್ತೆ ಕೊಚ್ಚಿಹೋದವು.

ಒಡಿಶಾದಲ್ಲಿ 1999ರ ಅಕ್ಟೋಬರ್ ಚಂಡಮಾರುತಕ್ಕೆ ಸುಮಾರು 10 ಸಾವಿರ ಜನ ಸತ್ತರು. 2019ರಲ್ಲಿ ಫೋನಿ ಬಂದಾಗ 10 ಲಕ್ಷಕ್ಕೂ ಹೆಚ್ಚು ಜನರನ್ನು ಮುಂಚೆಯೇ ಸಾಗಿಸಿದರು. ಅಲ್ಲಿ ಸತ್ತವರ ಸಂಖ್ಯೆ ನೂರು ಮುಟ್ಟಲಿಲ್ಲ. 1999ರ ಗಾಳಿಯ ಬಲ ಹೆಚ್ಚಿತ್ತು, ನಿಜ. ಆದರೂ ಊರೂರಿನಲ್ಲಿ ಮನೆ ಬಾಗಿಲಿಗೆ ಹೋಗಿ ಹೇಳುವವರಿದ್ದರು, ಹೋಗಿ ನಿಲ್ಲಲು ಗಟ್ಟಿ ಕಟ್ಟಡಗಳಿದ್ದವು.

ಹವಾಮಾನ ಇಲಾಖೆ ಚಂಡಮಾರುತದ ಎಚ್ಚರಿಕೆಯನ್ನು 48 ಗಂಟೆ ಮುಂಚೆ ಕೊಡುತ್ತೆ. ಎರಡು ದಿನ ನಮಗೆ ಸಾಕು. ಕೊಯ್ಯದ ರಾಗಿಯನ್ನು ಹಾಗೇ ಬಿಡಬೇಕು. ಬಿದ್ದರೂ ನೆಲದ ಮೇಲಿನ ಅರಿಗಿಂತ ವಾಸಿ. ಒಣಗಿದ ಅರಿಯನ್ನು ಕಂತೆ ಕಟ್ಟಿ, ಅಡಿಗೆ ಕಲ್ಲು ಕಟ್ಟಿಗೆ ಕೊಟ್ಟು ಮೆದೆ ಹಾಕಿ ಮುಚ್ಚಬೇಕು. ಹಸಿಯದನ್ನು ಮೆದೆ ಹಾಕಿದರೆ ಒಳಗೇ ಬಿಸಿಯೇರಿ ಕೆಡುತ್ತೆ ಅನ್ನೋದು ಹಿರಿಯರಿಗೆ ಗೊತ್ತೇ ಇದೆ. ಫಸಲ್ ಬಿಮಾ ಕಟ್ಟಿದವರು ಒಂದು ನೆನಪಿಡಿ: ಕೊಯ್ದು ಒಣಗಲು ಬಿಟ್ಟ ಬೆಳೆ 14 ದಿನದೊಳಗೆ ಇಂಥ ಮಳೆಗೆ ಸಿಕ್ಕರೆ, 72 ಗಂಟೆಯೊಳಗೆ ತಿಳಿಸಬೇಕು.

ತೊಡಕು ಎಲ್ಲಿ ಅಂದರೆ, ಆ ಎರಡು ದಿನ ಎಲ್ಲರಿಗೂ ಒಟ್ಟಿಗೇ ಆಳು ಬೇಕು, ಎಲ್ಲರಿಗೂ ಟಾರ್ಪಾಲು ಬೇಕು. ಆದ್ದರಿಂದ ಸಂಘವೇ ಟಾರ್ಪಾಲು ಕೊಂಡು ಕಡಿಮೆ ಬಾಡಿಗೆಗೆ ಕೊಡಲಿ. ಎಚ್ಚರಿಕೆ ಬಂದ ದಿನವೇ ಸಂಘದ ಬೋರ್ಡಿನ ಮೇಲೆ ಬರೆಯಲಿ. ಮುಯ್ಯಾಳು ಪದ್ಧತಿ ಆ ಎರಡು ದಿನವಾದರೂ ಮತ್ತೆ ನಡೆಯಲಿ. ಟಾರ್ಪಾಲು ಮೊದಲು ಸಿಗಬೇಕಾದ್ದು ಅರಿ ಹೊಲದಲ್ಲಿರುವ ಸಣ್ಣ ರೈತರಿಗೆ. ನಿರ್ದೇಶಕರ ಸರದಿ ಕೊನೆಗೆ, ನನ್ನದೂ ಸೇರಿ. ಮುಂದಿನ ಆಡಳಿತ ಮಂಡಳಿ ಸಭೆಗೆ ಈ ವಿಷಯ ತರುತ್ತೇನೆ, ಸದಸ್ಯರು ಒತ್ತಾಸೆಯಾಗಿ ನಿಲ್ಲಬೇಕು.