ಕಿವಿಯಿಂದ ಕಂಡ ದಾರಿ

1930ರ ದಶಕದ ಅಮೆರಿಕ. ಮೋಡದೊಳಗೆ ಸಿಕ್ಕ ಪೈಲಟ್‌ಗಳಿಗೆ ಆಗ ಕಿವಿಯೇ ಆಸರೆ. ನೆಲದ ಮೇಲಿನ ರೇಡಿಯೊ ಕೇಂದ್ರ ಆಕಾಶದಲ್ಲಿ ನಾಲ್ಕು ದಾರಿ ಹಾಸುತ್ತಿತ್ತು. ದಾರಿಯ ಒಂದು ಬದಿಗೆ ಸರಿದರೆ ಹೆಡ್‌ಫೋನಿನಲ್ಲಿ ‘ಡಿ-ಡಾ’, ಮೋರ್ಸ್ ಸಂಕೇತದ ಎ. ಇನ್ನೊಂದು ಬದಿಗೆ ‘ಡಾ-ಡಿ’, ಅಂದರೆ ಎನ್. ನಟ್ಟನಡುವೆ ಇದ್ದರೆ ಎರಡೂ ಬೆರೆತು, ತಂಬೂರಿ ಮೀಟಿದಂತೆ ಒಂದೇ ನಾದ.

ಈ ದಾರಿಗಳು ನಕಾಶೆಯಲ್ಲೂ ಅಚ್ಚಾಗಿರುತ್ತಿದ್ದವು. ಆದರೆ ನಕಾಶೆಯಲ್ಲಿ ಎಲ್ಲವೂ ಇರುತ್ತದೆಯೇ? ಜೆಪ್ಪೆಸನ್ ಎಂಬ ಅಂಚೆ ವಿಮಾನದ ಪೈಲಟ್ 10 ಸೆಂಟಿನ ನೋಟ್‌ಬುಕ್ ಕೊಂಡರು. ಗುಡ್ಡದ ಎತ್ತರ, ಇಳಿಯಬಹುದಾದ ಹೊಲ, ಹವೆ ಹೇಗಿದೆಯೆಂದು ಹೇಳಬಲ್ಲ ರೈತರ ಫೋನ್ ನಂಬರು, ಎಲ್ಲವನ್ನೂ ಬರೆದಿಟ್ಟರು. 1934ರಲ್ಲಿ ಅದರ ಪ್ರತಿಗಳನ್ನೇ ತಲಾ 10 ಡಾಲರ್‌ಗೆ ಮಾರತೊಡಗಿದರು!

ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ನುರಿತ ಪೈಲಟ್‌ಗಳು ಆ ರೇಡಿಯೊ ದಾರಿಯ ನಟ್ಟನಡುವೆ ಹಾರುತ್ತಿರಲಿಲ್ಲ. ಎದುರಿನಿಂದ ಬರುವವರಿಗೂ ಅದೇ ದಾರಿ ತಾನೆ? ಇಬ್ಬರೂ ಸರಿಯಾದ ದಾರಿಯಲ್ಲೇ ಇದ್ದು ಡಿಕ್ಕಿ ಹೊಡೆಯಬಹುದು. ಅದಕ್ಕೇ ಬಲಗಡೆಯ ಅಂಚಿಗೆ ಸರಿದು, ನಾದದ ಜೊತೆ ಒಂದು ಅಕ್ಷರವೂ ಸಣ್ಣಗೆ ಕೇಳುವಂತೆ ಸಾಗುತ್ತಿದ್ದರು. ನಮ್ಮ ಮನೆಗಳಲ್ಲಿ ಇಬ್ಬರೂ ಸರಿ ಇದ್ದಾಗಲೇ ಅಲ್ಲವೇ ಜೋರು ಜಗಳ? ಯಾರು ಯಾವ ಕಡೆ ಸರಿಯಬೇಕೆಂದು ಆ ಪೈಲಟ್‌ಗಳಿಗೆ ಗೊತ್ತಿತ್ತು. ನಾವಾದರೆ ಕಾಫಿ ಕುಡಿಯುತ್ತಾ ಕೂತು ಮಾತಾಡಿಕೊಳ್ಳಬೇಕು.