ಮೇಲೆ ನೋಡುವ ಸಂತ
(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಶಿಲ್ಪದ ಬಗ್ಗೆ ಮಾತು ಅಂದಾಗ ಬೇಲೂರು, ಹಳೇಬೀಡು ಬರುತ್ತದೆ ಅಂದುಕೊಂಡಿರಬಹುದು. ನಾನು ಹೇಳಹೊರಟಿದ್ದು ಹಳೆಗೋವಾದ ಬೊಮ್ ಜೀಸಸ್ ಬೆಸಿಲಿಕಾ ಬಗ್ಗೆ. ನಮ್ಮಲ್ಲಿ ಬಹಳ ಜನ ಅಲ್ಲಿಗೆ ಹೋಗಿದ್ದೀರಿ. ಸಂತ ಫ್ರಾನ್ಸಿಸ್ ಕ್ಸೇವಿಯರರ ಬೆಳ್ಳಿಯ ಪೆಟ್ಟಿಗೆ ನೋಡಿ, ಫೋಟೋ ತೆಗೆದು, ಬೀಚಿಗೆ ಓಡಿರುತ್ತೀರಿ. ಮೊದಲ ಸಲ ನಾನೂ ಅಷ್ಟೇ ಮಾಡಿದ್ದು.

ಎರಡನೇ ಸಲ ಅವ್ವ ಜೊತೆಗಿದ್ದಳು. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಧಾರವಾಡದ ಮನೆಯಲ್ಲಿ ಅವ್ವ ದೇವರ ಮುಂದೆ ದೀಪ ಹಚ್ಚುವುದನ್ನೇ ಬಿಟ್ಟಿದ್ದಳು. ಕೇಳಿದರೆ, "ಕೇಳಾವ್ರು ಯಾರದಾರ ಬಿಡು" ಅನ್ನುವಳು.

1605ರಲ್ಲಿ ಪವಿತ್ರೀಕರಣಗೊಂಡ ಆ ಚರ್ಚು ಹೊರಗಿನಿಂದ ಗಾರೆಯಿಲ್ಲದ ಕೆಂಪು ಜಂಬಿಟ್ಟಿಗೆ. ಒಳಗೆ ಎದುರಿನ ಗೋಡೆಯೆಲ್ಲ ಬಂಗಾರದ ಲೇಪದ ಮರದ ಕೆತ್ತನೆ. ನಡುವೆ ಸಂತ ಇಗ್ನೇಷಿಯಸರ ದೊಡ್ಡ ಮೂರ್ತಿ. ಹೌದು, ನಮ್ಮ ಖಡಕಿಯ ಚರ್ಚಿಗೂ ಅವರದೇ ಹೆಸರು. ಅವರ ಪಾದದ ಕೆಳಗೆ ಪುಟ್ಟ ಬಾಲಯೇಸು. ಸಂತರು ನಮ್ಮನ್ನು ನೋಡುವುದಿಲ್ಲ. ತಲೆಯೆತ್ತಿ, ಕಿರಣ ಬಿಡುವ ಸೂರ್ಯನಂಥ ಫಲಕದ ಕಡೆ ನೋಡುತ್ತಾರೆ. ಅವರ ಕಣ್ಣು ಹಿಡಿದು ನಮ್ಮ ಕಣ್ಣೂ ಮೇಲೆ ಹೋಗುತ್ತದೆ.

ಇದು ಬರೋಕ್ ಶೈಲಿ. ಪ್ರೊಟೆಸ್ಟಂಟರು ಮೂರ್ತಿಗಳನ್ನು ಪ್ರಶ್ನಿಸಿದಾಗ, 1563ರಲ್ಲಿ ಟ್ರೆಂಟ್ ಸಭೆ ಅವು ಬೇಕೇ ಬೇಕು ಎಂದು ತೀರ್ಮಾನಿಸಿತು. ಇಗ್ನೇಷಿಯಸರಂತೂ ಧ್ಯಾನ ಮಾಡುವಾಗ ಪವಿತ್ರ ಪ್ರಸಂಗವನ್ನು ಕಣ್ಣೆದುರು ತಂದುಕೊಳ್ಳಿ, ಅಲ್ಲಿಯ ದನಿ ಕೇಳಿ, ವಾಸನೆ ಹಿಡಿಯಿರಿ, ಮುಟ್ಟಿ ಎಂದು ಕಲಿಸಿದವರು. ಮುಂದೆ ಶಿಲ್ಪಿಗಳು ಕಲ್ಲಿನಲ್ಲಿ ಮಾಡಿದ್ದೂ ಸುಮಾರು ಅದನ್ನೇ.

ರೋಮಿನಲ್ಲಿ ಬರ್ನಿನಿ 1647ರಿಂದ 1652ರವರೆಗೆ ಮಾಡಿದ ಸಂತ ತೆರೇಸಾಳ ಶಿಲ್ಪವನ್ನು ನಾನು ಚಿತ್ರದಲ್ಲಷ್ಟೇ ನೋಡಿದ್ದೇನೆ. ದೇವದೂತ ಬಾಣ ಹಿಡಿದು ನಿಂತಿದ್ದಾನೆ. ಆಕೆ ಕಣ್ಣು ಮುಚ್ಚಿ, ಬಾಯಿ ಅರೆ ತೆರೆದು, ಮೋಡದ ಮೇಲೆ ಒರಗಿದ್ದಾಳೆ. ಮೇಲೆ ಕಾಣದಂತೆ ಒಂದು ಕಿಟಕಿ ಇಟ್ಟಿದ್ದಾನೆ. ನಿಜವಾದ ಬಿಸಿಲು ಬಂಗಾರದ ಸರಳುಗಳ ಮೇಲೆ ಇಳಿಯುತ್ತದೆ. ಮುಖಕ್ಕಿಂತ ಹೆಚ್ಚು ಮಾತಾಡುವುದು ಆ ನಿಲುವಂಗಿಯ ಅಲ್ಲೋಲಕಲ್ಲೋಲ ನೆರಿಗೆ. ಒಳಗಿನ ತಳಮಳವೆಲ್ಲ ಬಟ್ಟೆಗೆ ಬಂದಿದೆ. ಎರಡೂ ಪಕ್ಕದಲ್ಲಿ ಕಟ್ಟಿಸಿದ ಮನೆತನದವರು, ನಾಟಕ ನೋಡುವವರಂತೆ, ಅಮೃತಶಿಲೆಯಲ್ಲೇ ಕೂತಿದ್ದಾರೆ. ಇದು ನನಗೆ ಸ್ವಲ್ಪ ಅತಿ ಅನ್ನಿಸಿತು, ಸುಳ್ಳೇಕೆ ಹೇಳಲಿ.

ನಮ್ಮ ಗೊಮ್ಮಟನನ್ನೇ ನೋಡಿ. ಹತ್ತನೇ ಶತಮಾನದವನು, ಐವತ್ತೇಳು ಅಡಿಯವನು. ಬಳ್ಳಿ ತೊಡೆಗೆ ಹಬ್ಬಿದರೂ ಅಲುಗಾಡಿಲ್ಲ. ಅವನ ಮುಂದೆ ನಾವೇ ಸುಮ್ಮನಾಗುತ್ತೇವೆ. ಪಂಢರಪುರದ ವಿಠ್ಠಲನದು ಇನ್ನೊಂದು ರೀತಿ. ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ, ಭಕ್ತರು ಪಾದಕ್ಕೆ ಹಣೆ ಹಚ್ಚಿಯೇ ಬರಬೇಕು. ಗೊಮ್ಮಟ ಮೌನ, ವಿಠ್ಠಲ ಸ್ಪರ್ಶ. ಬರೋಕಿನದು ತುಂಬಿದ ಸಭೆಗೆ ಎತ್ತಿ ಹೇಳುವ ದನಿ.

ಆ ದನಿ ಅವ್ವನಿಗೆ ಕೇಳಿಸಿತೋ ಏನೋ. ಬಲಿಪೀಠದ ಎದುರು ಬಹಳ ಹೊತ್ತು ನಿಂತು, "ಇಂವಾ ಯಾಕ ಮ್ಯಾಲೆ ನೋಡಾಕತ್ತಾನ?" ಅಂದಳು. ನಾನು ಟ್ರೆಂಟ್, ಬರೋಕ್ ಎಂದೆಲ್ಲ ಶುರು ಮಾಡಿದೆ.

"ಅದಲ್ಲ. ಅವಂಗ ಅಲ್ಲಿ ಯಾರೋ ಕಂಡಾರ," ಅಂದಳು.

ಊರಿಗೆ ಬಂದ ಮೇಲೂ ಅವ್ವ ದೀಪ ಹಚ್ಚಲಿಲ್ಲ. ಆದರೆ ಆ ಜ್ಯೇಷ್ಠಕ್ಕೆ ನಮ್ಮಲ್ಲಿಗೆ ಬಂದಾಗ, ತುಕಾರಾಮರ ಪಾಲ್ಖಿ ಪುಣೆಗೆ ಬರುವ ದಿನ, ತಾನೇ ಸೀರೆ ಉಟ್ಟು ತಯಾರಾಗಿ ಕೂತಿದ್ದಳು. ರಸ್ತೆ ಬದಿಗೆ ಎರಡು ತಾಸು ನಿಂತೆವು.