ಸೆಕೆಂಡನ್ನು ಅರವತ್ತು ತುಂಡು ಮಾಡುವವರು

ಬೇಸಿಗೆ ರಜೆಯ ಒಂದು ಮಧ್ಯಾಹ್ನ. ಭಾಲ್ಕಿಯ ಬಿಸಿಲು ಗೊತ್ತಲ್ಲ, ಹೊರಗೆ ಕಾಲಿಡುವ ಹಾಗಿರಲಿಲ್ಲ. ಆರನೇ ತರಗತಿಯಲ್ಲಿರುವ ನನ್ನ ಅಕ್ಕನ ಮಗ ಮೊಬೈಲ್ ತಂದು ನನ್ನ ಮುಂದೆ ಹಿಡಿದ. ಪರದೆಯ ಮೇಲೆ ವಿಡಿಯೋ ಆಟದ ಮಾರಿಯೋ ಓಡುತ್ತಿದ್ದ. ಓಡುತ್ತಿದ್ದ ಅಂದರೆ ಎಲ್ಲೂ ನಿಲ್ಲುತ್ತಲೇ ಇರಲಿಲ್ಲ. ಹಾರಿ ಬರುವ ಗುಂಡು ಟೋಪಿಗೆ ಕೂದಲೆಳೆಯಷ್ಟು ಮೇಲೆ ಹೋಗುತ್ತದೆ, ಇವನಿಗೆ ತಾಕುವುದಿಲ್ಲ. ಹಳ್ಳದ ಅಂಚಿಗೆ ಉಗುರು ತಾಗುವಷ್ಟು ಜಾಗ ಉಳಿದಾಗ ಜಿಗಿಯುತ್ತಾನೆ, ಆಚೆ ದಡದಲ್ಲಿ ಇಳಿಯುತ್ತಾನೆ.

"ಮಾಮಾ, ಇಂವ ಮನಷ್ಯಾ ಹೌದೋ ಅಲ್ಲೋ?" ಅಂದ ಹುಡುಗ.

ಮನುಷ್ಯನೇ. ಆದರೆ ನಾವು ನೀವು ಕೂತು ಆಡುವ ಹಾಗೆ ಆಡಿದ್ದಲ್ಲ. ಇದಕ್ಕೆ ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್ ಎನ್ನುತ್ತಾರೆ, ಇದನ್ನು ಮಾಡುವವರ ಬಾಯಲ್ಲಿ ಚಿಕ್ಕದಾಗಿ 'ಟಾಸ್'. ಒಂದು ಆಟವನ್ನು ಎಷ್ಟು ಬೇಗ ಮುಗಿಸಬಹುದು ಎಂದು ಸಲಕರಣೆಗಳ ನೆರವಿನಿಂದ ಹುಡುಕುವ ಕೆಲಸ ಅದು. 1999ರಲ್ಲಿ 'ಡೂಮ್' ಎಂಬ ಆಟ ಆಡುವವರ ನಡುವೆ ಈ ಹೆಸರು ಹುಟ್ಟಿತು.

ಅದು ಹೇಗೆ ಎಂದು ತಿಳಿಯಲು ಮೊದಲು ಆಟದ ಡಬ್ಬಿಯ ಒಳಗೆ ನೋಡೋಣ. ನಾನು ಹುಡುಗನಾಗಿದ್ದಾಗ ಬೀದರಿನಲ್ಲಿ ಕೆಲವರ ಮನೆಯಲ್ಲಿ ಟೀವಿಗೆ ಜೋಡಿಸುವ ಆಟದ ಡಬ್ಬಿ ಇತ್ತು. ಅದರೊಳಗೆ ಹಳದಿ ಬಣ್ಣದ 'ಕ್ಯಾಸೆಟ್' ತುರುಕಬೇಕು. ಆಡದೇ ಇದ್ದರೆ ತೆಗೆದು, ಬಾಯಿಂದ ಉಫ್ ಎಂದು ಊದಿ ಮತ್ತೆ ತುರುಕಬೇಕು. ಜಪಾನಿನ ನಿಂಟೆಂಡೊ ಕಂಪನಿಯ ಯಂತ್ರವನ್ನು ನೋಡಿ ಮಾಡಿದ ನಕಲುಗಳು ಅವು. ಆ ಡಬ್ಬಿಯಲ್ಲಿ ಚಿತ್ರ ಚಲಿಸುವುದಿಲ್ಲ, ಚಲಿಸಿದಂತೆ ಕಾಣುತ್ತದೆ ಅಷ್ಟೇ. ಅಮೆರಿಕ, ಜಪಾನಿನ ಟೀವಿಗಳಲ್ಲಿ ಅದು ಒಂದು ಸೆಕೆಂಡಿಗೆ ಸುಮಾರು 60 ಚಿತ್ರ ಬರೆಯುತ್ತದೆ. ನಮ್ಮ ದೇಶದ ಹಳೇ ಟೀವಿ ಪದ್ಧತಿ ಬೇರೆ, ಇಲ್ಲಿ ಸೆಕೆಂಡಿಗೆ 50. ಈ ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ಒಂದು ಚಿತ್ರ ಬರೆಯುವ ಹೊತ್ತಿಗೆ ಯಂತ್ರ ನಿಮ್ಮ ಕೈಯಲ್ಲಿನ ಗುಂಡಿಗಳನ್ನು ನೋಡುತ್ತದೆ. ಯಾವುದು ಒತ್ತಿದೆ, ಯಾವುದು ಬಿಟ್ಟಿದೆ? ಅದಕ್ಕೆ ತಕ್ಕಂತೆ ಮಾರಿಯೋನನ್ನು ತುಸು ಸರಿಸುತ್ತದೆ. ಮತ್ತೆ ನೋಡುತ್ತದೆ, ಮತ್ತೆ ಸರಿಸುತ್ತದೆ.

ನಮ್ಮ ಬೆರಳು ಒಂದು ಸೆಕೆಂಡಿನ ಅರವತ್ತರಲ್ಲಿ ಒಂದು ಪಾಲನ್ನು ಗುರಿಯಿಟ್ಟು ಹಿಡಿಯುವುದು ಬಹಳ ಕಷ್ಟ. ಟಾಸ್ ಮಾಡುವವರು ಅದಕ್ಕಾಗಿ ಎಮ್ಯುಲೇಟರ್ ಎಂಬ ತಂತ್ರಾಂಶ ಬಳಸುತ್ತಾರೆ. ಬಹುರೂಪಿ ಹನುಮಂತನ ವೇಷ ಹಾಕಿದರೆ ಹನುಮಂತನಂತೆಯೇ ನಡೆಯುತ್ತಾನಲ್ಲ, ಹಾಗೆ ಕಂಪ್ಯೂಟರು ಹಳೇ ಆಟದ ಡಬ್ಬಿಯ ವೇಷ ಹಾಕುತ್ತದೆ. ವೇಷದಲ್ಲಿರುವಾಗ ನಾವು ಹೇಳಿದಲ್ಲಿ ನಿಲ್ಲುತ್ತದೆ. ಒಂದು ಚಿತ್ರ ಮುಂದೆ ಹೋಗು ಅಂದರೆ ಒಂದೇ ಚಿತ್ರ ಹೋಗುತ್ತದೆ. ಈ ಕ್ಷಣವನ್ನು ಹೀಗೇ ಎತ್ತಿಡು ಅಂದರೆ ಎತ್ತಿಡುತ್ತದೆ. ಜಿಗಿತ ತಪ್ಪಿತೇ? ಎತ್ತಿಟ್ಟ ಕ್ಷಣಕ್ಕೆ ಮರಳಿ, ಗುಂಡಿಯನ್ನು ಒಂದು ಚಿತ್ರ ತಡವಾಗಿ ಒತ್ತಿ ನೋಡುತ್ತಾರೆ. ಹೀಗೆ ಸಾವಿರಾರು ಸಲ.

ಬೀದರಿನ ಹಳೇ ಊರಿನಲ್ಲಿ ಬಿದ್ರಿ ಕೆಲಸ ನೋಡಿದ ಮಕ್ಕಳಿಗೆ ಈ ತಾಳ್ಮೆ ಹೊಸದಲ್ಲ. ಸತು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯನ್ನು ಮುಂದಿಟ್ಟುಕೊಂಡು ಕುಶಲಕರ್ಮಿ ಉಳಿಯಿಂದ ಒಂದು ಎಸಳು ಕೊರೆಯುತ್ತಾನೆ. ಆ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸಿ ಮೆಲ್ಲಗೆ ಬಡಿಯುತ್ತಾನೆ. ಆಮೇಲೆ ಇನ್ನೊಂದು ಎಸಳು. ಕಡೆಗೆ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಅಂಗಡಿಯಲ್ಲಿ ನಾವು ಅದನ್ನು ನೋಡುವುದು ಒಂದು ಗಳಿಗೆ, ಅದರ ಹಿಂದೆ ಇರುವುದು ದಿನಗಟ್ಟಲೆಯ ಕೆಲಸ. ಮಾರಿಯೋನ ಐದು ನಿಮಿಷದ ಓಟದ ಹಿಂದೆಯೂ ಅಷ್ಟೇ ಸೂಕ್ಷ್ಮದ ಕೆಲಸವಿದೆ. ಒಂದೇ ವ್ಯತ್ಯಾಸ: ಉಳಿ ಜಾರಿದರೆ ಬಿದ್ರಿ ಕೆಲಸಗಾರ ಹಿಂದಕ್ಕೆ ಹೋಗಲಾರ. ಅದಕ್ಕೇ ಅವನ ಕೈಯನ್ನು ನಾನು ಇನ್ನೂ ದೊಡ್ಡದೆಂದು ನಂಬಿದ್ದೇನೆ.

"ಹಂಗಾದ್ರ ಕಂಪ್ಯೂಟರೇ ಎಲ್ಲಾ ಹುಡುಕ್ತದಲ್ಲ, ಮನಷ್ಯಾ ಯಾಕ ಬೇಕು?" ಎಂದು ನನ್ನ ಅಳಿಯ ಕೇಳಿದ. ಒಳ್ಳೆಯ ಪ್ರಶ್ನೆ. ಲೆಕ್ಕ ಮಾಡಿ ನೋಡಿದೆವು. ಆ ಡಬ್ಬಿಗೆ ಜೋಡಿಸಿ ಕೈಯಲ್ಲಿ ಹಿಡಿಯುವ ಸಾಧನದಲ್ಲಿ 8 ಗುಂಡಿ. ಪ್ರತಿಯೊಂದಕ್ಕೂ ಒತ್ತಿದೆ, ಒತ್ತಿಲ್ಲ ಎಂಬ ಎರಡು ಸ್ಥಿತಿ. ಎಂಟು ಸಲ ಎರಡನ್ನು ಗುಣಿಸಿದರೆ 256 ಬಗೆ. ಅದು ಒಂದು ಚಿತ್ರಕ್ಕೆ. ಎರಡು ಚಿತ್ರಕ್ಕೆ 65,536. ಮೂರು ಚಿತ್ರಕ್ಕೆ 1,67,77,216. ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲಿಗೇ ಒಂದೂವರೆ ಕೋಟಿ ದಾಟಿತು! ಐದು ನಿಮಿಷಕ್ಕೆ ಎಷ್ಟಾದೀತು? ಎಲ್ಲವನ್ನೂ ಒಂದೊಂದಾಗಿ ಆಡಿ ನೋಡಲು ಲೋಕದ ಕಂಪ್ಯೂಟರುಗಳೆಲ್ಲ ಸೇರಿದರೂ ಆಗದು. ಯಾವುದನ್ನು ಪ್ರಯತ್ನಿಸಬೇಕು, ಯಾವುದನ್ನು ಬಿಡಬೇಕು ಎಂದು ಒಬ್ಬರು ಕೂತು ಯೋಚಿಸಲೇಬೇಕು.

ಯೋಚಿಸಿದರೆ ಬೆರಗಿನ ಸಂಗತಿಗಳು ಸಿಗುತ್ತವೆ. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಆಟವನ್ನೇ ನೋಡಿ. ಒಂದು ಹಂತ ಮುಗಿದ ಮೇಲೆ ಮುಂದಿನ ಹಂತ ತೆರೆಯುವ ಬಾಗಿಲು ಯಾವಾಗಲೂ ತೆರೆದಿರುವುದಿಲ್ಲ. 21 ಚಿತ್ರಕ್ಕೊಮ್ಮೆ ಮಾತ್ರ ತೆರೆಯುತ್ತದೆ. ಇದನ್ನು ವಿವರಿಸಲು ಆಟಗಾರರು ಬಸ್ಸಿನ ಹೋಲಿಕೆ ಕೊಡುತ್ತಾರೆ, ಅದು ನಮಗೂ ಚೆನ್ನಾಗಿ ಒಪ್ಪುತ್ತದೆ. ಬೀದರಿನಿಂದ ಔರಾದಿಗೆ ಅರ್ಧ ಗಂಟೆಗೊಂದು ಬಸ್ಸು ಎಂದಿಟ್ಟುಕೊಳ್ಳಿ. ನೀವು ಓಡೋಡಿ ಬಂದು ಹತ್ತು ನಿಮಿಷ ಮೊದಲೇ ಬಸ್ ಸ್ಟ್ಯಾಂಡಿನಲ್ಲಿ ನಿಂತರೂ, ನಿಧಾನ ನಡೆದು ಬಸ್ಸು ಹೊರಡುವ ಹೊತ್ತಿಗೆ ಬಂದರೂ ಔರಾದು ಮುಟ್ಟುವ ಹೊತ್ತು ಒಂದೇ. ಉಳಿತಾಯ ಆಗಬೇಕಾದರೆ ಹಿಂದಿನ ಬಸ್ಸನ್ನೇ ಹಿಡಿಯಬೇಕು. ಮಾರಿಯೋಗೆ ಒಂದು ಬಸ್ಸೆಂದರೆ ಸೆಕೆಂಡಿನ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಆ ಒಂದು ಬಸ್ಸಿಗಾಗಿ ವರ್ಷಗಟ್ಟಲೆ ದುಡಿದವರಿದ್ದಾರೆ. ಸಲಕರಣೆ ಬಳಸಿ ಮಾಡಿದ ಓಟ ಸುಮಾರು 4 ನಿಮಿಷ 54 ಕಾಲು ಸೆಕೆಂಡಿಗೆ ಮುಟ್ಟಿದೆ. ಬರಿಗೈಯಲ್ಲಿ ಆಡುವವರು ಅದರ ಬೆನ್ನು ಹತ್ತಿದರು. 2021ರ ಏಪ್ರಿಲ್‌ನಲ್ಲಿ ನಿಫ್ಟ್‌ಸ್ಕಿ ಎಂಬ ಅಡ್ಡಹೆಸರಿನ ಆಟಗಾರ ಮೊದಲ ಬಾರಿಗೆ 4 ನಿಮಿಷ 55 ಸೆಕೆಂಡಿನ ಒಳಗೆ ಮುಗಿಸಿದ.

ಈಗ ಹುಡುಗನ ಮನಸ್ಸಿನಲ್ಲಿದ್ದ ನಿಜವಾದ ಪ್ರಶ್ನೆ ಹೊರಬಿತ್ತು. "ಇದು ಮೋಸ ಅಲ್ಲೇನು ಮಾಮಾ?"

ಈ ಪ್ರಶ್ನೆ ಹಿಂದೆಯೂ ಎದ್ದಿತ್ತು. 2003ರಲ್ಲಿ ಜಪಾನಿನ ಮೋರಿಮೋತೋ ಎಂಬ ಹೆಸರಿನವರು 'ಸೂಪರ್ ಮಾರಿಯೋ ಬ್ರದರ್ಸ್ 3' ಆಟವನ್ನು ಸುಮಾರು 11 ನಿಮಿಷದಲ್ಲಿ ಮುಗಿಸುವ ವಿಡಿಯೋ ಮಾಡಿದರು. ಹೇಗೆ ಮಾಡಿದೆ ಎಂದು ಅವರು ಜಪಾನಿ ಭಾಷೆಯಲ್ಲಿ ಬರೆದೂ ಇದ್ದರು. ಆದರೆ ವಿಡಿಯೋ ಕೈಯಿಂದ ಕೈಗೆ ಹೋಯಿತು, ವಿವರಣೆ ಹಿಂದೆಯೇ ಉಳಿಯಿತು. ಯಾರೋ ಒಂದೇ ಉಸಿರಿಗೆ ಆಡಿದ್ದೆಂದು ಜಗತ್ತು ನಂಬಿತು. ನಿಜ ತಿಳಿದಾಗ ಎಷ್ಟೋ ಜನ ಸಿಟ್ಟಾದರು. ಅದೇ ವರ್ಷದ ಡಿಸೆಂಬರಿನಲ್ಲಿ ಫಿನ್ಲೆಂಡಿನ ಯೋಯೆಲ್ ಯುಲಿಲುಯೊಮಾ ಇಂಥ ಓಟಗಳಿಗೆಂದೇ ಅಂತರ್ಜಾಲದಲ್ಲಿ ಒಂದು ನೆಲೆ ಕಟ್ಟಿದರು. ಅದೇ ಮುಂದೆ ಟಾಸ್‌ವಿಡಿಯೋಸ್ ಎಂಬ ಬಳಗವಾಯಿತು. ಇದು ಸಲಕರಣೆಯ ಓಟ ಎಂದು ಮೊದಲೇ ಹೇಳಬೇಕು, ಬರಿಗೈ ಓಟದ ಜೊತೆ ಸ್ಪರ್ಧೆಗೆ ಇಡಬಾರದು. ಇದು ಅಲ್ಲಿನವರು ಬಿಡದೆ ಪಾಲಿಸುವ ಕಟ್ಟಳೆ.

ನನಗೆ ತುಂಬಾ ಹಿಡಿಸಿದ್ದು ಅವರ ಇನ್ನೊಂದು ಪದ್ಧತಿ. ಅವರು ಒಬ್ಬರಿಗೊಬ್ಬರು ಒಪ್ಪಿಸುವುದು ವಿಡಿಯೋ ಅಲ್ಲ, ಗುಂಡಿಗಳ ಪಟ್ಟಿ. ಮೊದಲ ಚಿತ್ರದಲ್ಲಿ ಯಾವ ಗುಂಡಿ, ಎರಡನೆಯದರಲ್ಲಿ ಯಾವುದು ಎಂದು ಮಾರಿಯೋನ ಓಟಕ್ಕೆ ಹದಿನೇಳು ಸಾವಿರಕ್ಕೂ ಹೆಚ್ಚು ಸಾಲು. ಆ ಪಟ್ಟಿಯನ್ನು ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ನಡೆಸಿ ನೋಡಬಹುದು. ಓಟ ಹಾಗೇ ಬಂದರೆ ಸರಿ, ಬಾರದಿದ್ದರೆ ತಿರಸ್ಕಾರ. ಇನ್ನೊಬ್ಬರು ಅದರಲ್ಲಿ ಎರಡು ಚಿತ್ರ ಉಳಿಸಿದರೆ, ಹಿಂದಿನವರ ಕೆಲಸ ಬಳಸಿದ್ದಕ್ಕೆ ಅವರ ಹೆಸರನ್ನೂ ಸೇರಿಸುತ್ತಾರೆ. ವಿಜ್ಞಾನಿಗಳು ಪ್ರಯೋಗ ಮಾಡುವುದೂ ಹೀಗೆಯೇ. ಹೇಗೆ ಮಾಡಿದೆ ಎಂದು ಬಿಚ್ಚಿ ಹೇಳುತ್ತಾರೆ, ಇತರರು ಮಾಡಿ ನೋಡುತ್ತಾರೆ.

ಸಲಕರಣೆ ಸುಳ್ಳನ್ನು ಹಿಡಿಯುವುದೂ ಉಂಟು. 1980ರ 'ಡ್ರ್ಯಾಗ್‌ಸ್ಟರ್' ಎಂಬ ಗಾಡಿ ಓಡಿಸುವ ಆಟದಲ್ಲಿ 5.51 ಸೆಕೆಂಡಿನ ದಾಖಲೆಯೊಂದು 1982ರಿಂದ ಇತ್ತು. ಆಟದ ಒಳಗಿನ ಲೆಕ್ಕವನ್ನು ಬಿಡಿಸಿ ನೋಡಿದಾಗ 5.57ಕ್ಕಿಂತ ಕಡಿಮೆ ಯಾವ ದಾರಿಯಲ್ಲೂ ಬರಲಿಲ್ಲ. 2018ರ ಜನವರಿಯಲ್ಲಿ ದಾಖಲೆ ಇಡುವ ಸಂಸ್ಥೆ ಅದನ್ನು ತೆಗೆದುಹಾಕಿತು.

ಇನ್ನು 2014ರ ಜನವರಿಯಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗಲಾರೆ. ಕ್ಯಾನ್ಸರ್ ತಡೆಯುವ ಕೆಲಸಕ್ಕೆ ಹಣ ಕೂಡಿಸಲು ಆಟಗಾರರು ಹಗಲು ರಾತ್ರಿ ಆಡುವ ಮೇಳ ಅದು. ಅಲ್ಲಿಗೆ ಟಾಸ್‌ಬಾಟ್ ಎಂಬ ಪುಟ್ಟ ರೋಬಾಟ್ ಗೊಂಬೆಯನ್ನು ತಂದಿದ್ದರು. ಗುಂಡಿಗಳ ಪಟ್ಟಿಯನ್ನು ಅದು ನಿಜವಾದ ಆಟದ ಡಬ್ಬಿಗೆ ಕಳಿಸುತ್ತದೆ. 'ಸೂಪರ್ ಮಾರಿಯೋ ವರ್ಲ್ಡ್' ಆಟದಲ್ಲಿ ಯಾರೂ ಒತ್ತದ ಕ್ರಮದಲ್ಲಿ ಗುಂಡಿ ಒತ್ತುತ್ತಾ ಹೋದಾಗ ಯಂತ್ರ ಆ ಗುಂಡಿಗಳನ್ನೇ ಹೊಸ ಆದೇಶಗಳೆಂದು ಓದತೊಡಗಿತು. ನೋಡುತ್ತಿದ್ದಂತೆ ಮಾರಿಯೋ ಆಟದ ಒಳಗೇ ಹಾವಿನ ಆಟ ಶುರುವಾಯಿತು!

ಇದೆಲ್ಲ ನಡೆಯುವುದು ಯಂತ್ರಕ್ಕೆ ಅದೃಷ್ಟ ಎಂಬುದು ಇಲ್ಲದ ಕಾರಣ. ಆಟದಲ್ಲಿ ಶತ್ರು ಎಡಕ್ಕೆ ಬರುತ್ತಾನೋ ಬಲಕ್ಕೋ ಎಂಬುದು ನಮಗೆ ಪಗಡೆಯ ದಾಳದಂತೆ ಕಂಡರೂ ಒಳಗೆ ಬರೀ ಲೆಕ್ಕ. ನಾನೂ ಹುಡುಗನೂ ಇಂಥ ಒಂದು ಕಾಗದದ ದಾಳ ಮಾಡಿದೆವು. ನೀವೂ ಪೆನ್ಸಿಲ್ ಹಿಡಿಯಿರಿ. 34ರಿಂದ ಶುರು ಮಾಡಿ. 21ರಿಂದ ಗುಣಿಸಿ, 7 ಕೂಡಿಸಿ, ಕೊನೆಯ ಎರಡು ಅಂಕಿ ಮಾತ್ರ ಇಟ್ಟುಕೊಳ್ಳಿ. 721 ಬರುತ್ತದೆ, 21 ಉಳಿಯುತ್ತದೆ. ಮತ್ತೆ ಅದೇ ಲೆಕ್ಕ: 48, 15, 22, 69, 56. ಹತ್ತರ ಸ್ಥಾನ ನೋಡಿ: 3, 2, 4, 1, 2, 6, 5. ದಾಳ ಉರುಳಿಸಿದಂತೆಯೇ ಇದೆ ಅಲ್ಲವೇ? ಅನೇಕ ಆಟಗಳು ಪ್ರತಿ ಚಿತ್ರಕ್ಕೆ ಇಂಥ ಲೆಕ್ಕ ಒಂದು ಹೆಜ್ಜೆ ಮುಂದೆ ಸರಿಯುವಂತೆ ಕಟ್ಟಿದವು. ಒಳ್ಳೆಯ ಸಂಖ್ಯೆ ಬೇಕಾದಾಗ ಟಾಸ್ ಮಾಡುವವರು ಒಂದೆರಡು ಚಿತ್ರ ಸುಮ್ಮನೆ ಕಾಯುತ್ತಾರೆ. ಆರು ಬೇಕಿದ್ದರೆ ಆರು ಬರುವವರೆಗೆ.

ಈ ಲೆಕ್ಕವನ್ನು 56ರಲ್ಲಿ ನಿಲ್ಲಿಸಬೇಡಿ, ಮುಂದುವರಿಸಿ. ಒಂದೇ ಸಂಖ್ಯೆ ಎರಡು ಸಲ ಬರದಂತೆ 00ಯಿಂದ 99ರವರೆಗಿನ ಎಲ್ಲವೂ ಒಮ್ಮೊಮ್ಮೆ ಬಂದು ಹೋಗುತ್ತವೆ. ಸರಿಯಾಗಿ ನೂರನೇ ಹೆಜ್ಜೆಗೆ 34 ಮರಳಿ ಬರುತ್ತದೆ, ಭಾಲ್ಕಿಯಲ್ಲಿ ಮಾಡಿದರೂ ಔರಾದಿನಲ್ಲಿ ಮಾಡಿದರೂ.